ಗಜನಿಗೆ ಮತ್ತೆ ಇಳಿದದ್ದು

ನಾನು ನಿಂತದ್ದು ಗಜನಿಯ ಒಡ್ಡಿನ ಮೇಲೆ, ಉಪ್ಪುನೀರನ್ನು ತಡೆಯುವ ಮರದ ಬಾಗಿಲಿನಿಂದ ಸಮುದ್ರದ ದಿಕ್ಕಿಗೆ ಹನ್ನೆರಡು ಹೆಜ್ಜೆ ದೂರದಲ್ಲಿ. ನವೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸಮುದ್ರದ ಇಳಿತ ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂದು ಅತ್ತಿಗೆ ಕೇಳಿದ್ದರಿಂದ ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಣ್ಣನ ಹೆಂಡತಿ.

ಅಂಕೋಲೆಯಿಂದ ದಕ್ಷಿಣಕ್ಕೆ, ಗಂಗಾವಳಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಕಡೆ ಈ ಗಜನಿ, ಅಂದರೆ ಉಪ್ಪುನೀರಿನ ಗದ್ದೆ, ಇದೆ. ಇಲ್ಲಿ ಬೆಳೆಯುವುದು ಕಗ್ಗ, ಉಪ್ಪುನೀರಿನಲ್ಲಿ ನಿಂತೇ ಬದುಕುವ ಎತ್ತರದ ಭತ್ತ. ಅದನ್ನು ಬುಡದಿಂದ ಕೊಯ್ಯುವುದಿಲ್ಲ. ಸೊಂಟದ ಮಟ್ಟದ ನೀರಿಗೆ ಇಳಿದು ತೆನೆಯನ್ನಷ್ಟೇ ಕತ್ತರಿಸಿ, ಹೆಗಲಿಗೆ ಕಟ್ಟಿಕೊಂಡ ಬಟ್ಟೆಯ ಜೋಳಿಗೆಗೆ ಹಾಕಿಕೊಳ್ಳಬೇಕು. ನೀರು ಕಷ್ಟವಲ್ಲ, ಕಷ್ಟವಿರುವುದು ಕೆಳಗಿನ ಕೆಸರಿನಲ್ಲಿ. ಒಂದೊಂದು ಹೆಜ್ಜೆಗೂ ಪಾದವನ್ನು ಕಿತ್ತು ತೆಗೆಯಬೇಕು, ಕೀಳುವ ಬಲ ಬರುವುದು ತೊಡೆಯಿಂದ ಮತ್ತು ಅಡಿಹೊಟ್ಟೆಯಿಂದ. ಇದನ್ನು ನಾನು ಆ ದಿನ ತಿಳಿದೆ.

ಮಂಜು ಇನ್ನೂ ಕರಗಿರಲಿಲ್ಲ. ನೀರು ಯಾವುದು, ಆಕಾಶ ಯಾವುದು ಎಂದು ಬೇರೆ ಮಾಡಿ ಹೇಳುವ ಗೆರೆ ಎಲ್ಲಿಯೂ ಕಾಣುತ್ತಿರಲಿಲ್ಲ. ತೆನೆಗಳು ಬುಡವಿಲ್ಲದೆ ಗಾಳಿಯಲ್ಲಿ ನಿಂತ ಹಾಗಿದ್ದವು. ನನ್ನ ಹೆಂಡತಿ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಚ್ಚೆ ಹಾಕಿಕೊಂಡು, ಕೈಯಲ್ಲಿ ಸಣ್ಣ ಕತ್ತಿ ಹಿಡಿದು ಇಳಿದಳು. ಮೊದಲ ಹೆಜ್ಜೆಗೆ ನೀರು ಕಣಕಾಲಿಗೆ ಬಂತು. ಎರಡನೆಯದಕ್ಕೆ ಮೊಣಕಾಲಿಗೆ. ಮೂರನೆಯದಕ್ಕೆ ನಿಂತುಬಿಟ್ಟಳು. ಎಡಗೈ ಅಡಿಹೊಟ್ಟೆಯ ಮೇಲೆ ಹೋಯಿತು. ಮುಂದಿನ ತೆನೆ ಅವಳಿಂದ ಒಂದು ಮೊಳ ದೂರದಲ್ಲಿತ್ತು. ಅವಳು ಅದನ್ನು ನೋಡುತ್ತ ಸುಮಾರು ನಾಲ್ಕು ನಿಮಿಷ ನಿಂತಳು. ಆಮೇಲೆ ತಿರುಗಲು ನೋಡಿದಳು, ಎಡಗಾಲು ಬರಲಿಲ್ಲ. ಆಗಲೇ ನಾಲ್ಕು ಸಾಲು ಒಳಗೆ ಹೋಗಿದ್ದ ಅತ್ತಿಗೆ ಹಿಂದಿರುಗಿ ಬಂದು, ಅವಳ ಕಂಕುಳಿಗೆ ಕೈಕೊಟ್ಟು ದಡಕ್ಕೆ ಎಳೆದು ತಂದರು.

ಒಡ್ಡಿನ ಮೇಲೆ ಕುಳಿತು ಅವಳು ಕತ್ತಿಯನ್ನು ಸೆರಗಿನಲ್ಲಿ ಒರೆಸಿ ಅತ್ತಿಗೆಗೆ ಕೊಟ್ಟಳು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಇರ್ಲಿ ತಂಗಿ," ಅಂದರು ಅತ್ತಿಗೆ. "ಆಗೂದಿಲ್ಲ ಅಂದ್ರೆ ಬ್ಯಾಡ. ಮುಂದಿನ ವರ್ಷ ಸಿಗಡಿಯವ್ರಿಗೆ ಬಿಟ್ರಾಯ್ತು. ನಾ ಒಬ್ಳೇ ಎಷ್ಟಂತ ಕೊಯ್ಯೂದು."

ಅತ್ತಿಗೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೆಂಡತಿಯ ಅಣ್ಣ ಮೀನಿನ ಬೋಟಿನಲ್ಲಿ ದುಡಿಯುವವರು, ಕೊಯ್ಲಿನ ಹೊತ್ತಿಗೆ ಯಾವಾಗಲೂ ನೀರಿನ ಮೇಲೆ. ತಂದೆ ಬಿಟ್ಟುಹೋದ ಆ ಒಂದು ಪಟ್ಟಿ ಗಜನಿಯನ್ನು ಇಪ್ಪತ್ತು ವರ್ಷದಿಂದ ಈ ಇಬ್ಬರು ಹೆಂಗಸರೇ ಕೊಯ್ಯುತ್ತ ಬಂದಿದ್ದರು. ಸುತ್ತಲಿನ ಪಟ್ಟಿಗಳೆಲ್ಲ ಒಂದೊಂದಾಗಿ ಸಿಗಡಿ ಸಾಕುವವರ ಕೈಗೆ ಹೋಗಿದ್ದವು. ಒಂದು ವರ್ಷ ಬಿತ್ತದೆ ಬಿಟ್ಟರೆ ಮನೆಯಲ್ಲಿ ಬೀಜ ಉಳಿಯುವುದಿಲ್ಲ, ಕೇಳೋಣ ಎಂದರೆ ಹತ್ತಿರದಲ್ಲಿ ಆ ಬೀಜ ಇಟ್ಟುಕೊಂಡವರೂ ಇರಲಿಲ್ಲ. ಅವಳು ನೀರಿಗೆ ಇಳಿಯದಿದ್ದರೆ ಅವಳ ತಂದೆಯ ಕಗ್ಗ ಅಲ್ಲಿಗೆ ಮುಗಿಯುತ್ತಿತ್ತು. ಒಡ್ಡಿನ ಮೇಲೆ ಕುಳಿತ ಅವಳ ಮುಖದಲ್ಲಿದ್ದದ್ದು ಇದು.

ಅವಳ ಕಾಲು ಕೆಸರಿನಿಂದ ಬರದೇ ಹೋದದ್ದಕ್ಕೆ ಕಾರಣ ನಾನು. ಅದನ್ನು ಕ್ರಮವಾಗಿ ಹೇಳಬೇಕು.

ಅದೇ ವರ್ಷದ ಮಾರ್ಚಿನಲ್ಲಿ ಅವಳ ಗರ್ಭಕೋಶ ತೆಗೆಸಿದ್ದೆವು. ಅವಳಿಗೆ ಆಗ ನಲವತ್ತಾರು. ಎರಡು ವರ್ಷದಿಂದ ತಿಂಗಳ ಸ್ರಾವ ಹೆಚ್ಚುತ್ತ ಹೋಗಿತ್ತು. ಒಳಗೆ ಗಡ್ಡೆಗಳಿದ್ದವು. ಒಂದು ಮಧ್ಯಾಹ್ನ ಅಂಕೋಲೆಯಿಂದ ಕಾರವಾರಕ್ಕೆ ಬರುವ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿದಳು. ನಿದ್ದೆ ಎಂದುಕೊಂಡೆ. ಇಳಿಯುವ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ಆ ಸೀಟನ್ನು ನಾನು ನೋಡಿದೆ. ಕಂಡಕ್ಟರ್ ನೋಡಿದರು, ತಮ್ಮ ಟವೆಲ್ ಕೊಟ್ಟರು. ಆ ಕೆಂಪು ಬಹಳ ತಿಂಗಳು ನನ್ನ ಕಣ್ಣಿನಲ್ಲಿ ನಿಂತಿತ್ತು. ಅನ್ನ ಕಲಸುವಾಗ, ಶಿಫ್ಟಿನಲ್ಲಿ ಮೀಟರಿನ ಮುಳ್ಳು ನೋಡುವಾಗ, ಸುಮ್ಮನೆ ಇದ್ದಾಗ ಬರುತ್ತಿತ್ತು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಬಾಗಿಲ ಹತ್ತಿರ ಕರೆದು ಎರಡು ಮಾತು ಹೇಳಿದರು. ಆರು ವಾರ ಭಾರ ಎತ್ತಿಸಬೇಡಿ. ದಿನಾ ನಡೆಸಿ, ಇವತ್ತು ಐದು ನಿಮಿಷ ಆದರೆ ನಾಳೆ ಆರು. ಹೆಂಡತಿ ಆಗ ಆಟೋದಲ್ಲಿ ಅರ್ಧ ನಿದ್ದೆಯಲ್ಲಿದ್ದಳು. ಎರಡು ಮಾತನ್ನೂ ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಮನೆಗೆ ಬಂದು ಒಂದನ್ನಷ್ಟೇ ಹೇಳಿದೆ.

ಮರೆತಿದ್ದೆ ಎನ್ನುವಂತಿಲ್ಲ. ಅವಳು ಎದ್ದು ನಿಂತರೆ ಒಳಗೆ ಏನೋ ಹರಿದು ಮತ್ತೆ ಆ ಬಸ್ಸಿನ ಸೀಟು ಬರುತ್ತದೆ ಎಂದು ನನಗೆ ಅನ್ನಿಸುತ್ತಿತ್ತು.

ನನ್ನ ಕೆಲಸ ಕದ್ರಾದ ವಿದ್ಯುದಾಗಾರದಲ್ಲಿ. ನಮ್ಮಲ್ಲಿ ಒಂದು ಯಂತ್ರವನ್ನು ದುರಸ್ತಿಗೆ ತೆಗೆದುಕೊಂಡರೆ ಅದರ ಸ್ವಿಚ್ಚಿಗೆ ಕೆಂಪು ಚೀಟಿ ಕಟ್ಟುತ್ತೇವೆ. ಆ ಚೀಟಿ ಇರುವವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಕೆಲಸ ಮುಗಿದಿದೆ ಎಂದು ಕಣ್ಣಿಗೆ ಕಂಡರೂ, ದೊಡ್ಡ ಸಾಹೇಬರೇ ಬಂದು ನಿಂತರೂ, ಚೀಟಿ ಕಟ್ಟಿದವನೇ ಬಂದು ಬಿಚ್ಚಬೇಕು. ಇಪ್ಪತ್ತೆರಡು ವರ್ಷ ಈ ನಿಯಮದೊಳಗೆ ಬದುಕಿದವನು ನಾನು. ಅವಳು ಮನೆಗೆ ಬಂದ ಮರುದಿನ ಕೆಂಪು ರಟ್ಟು ಕತ್ತರಿಸಿ ಮೂರು ಚೀಟಿ ಮಾಡಿದೆ. 'ಮುಟ್ಟಬಾರದು' ಎಂದು ಬರೆದು ಒಂದನ್ನು ನೀರಿನ ಕೊಡಕ್ಕೆ, ಒಂದನ್ನು ಗ್ಯಾಸ್ ಸಿಲಿಂಡರಿಗೆ, ಒಂದನ್ನು ರುಬ್ಬುವ ಗುಂಡಿಗೆ ದಾರದಿಂದ ಕಟ್ಟಿದೆ. ಅವಳು ಹೊಟ್ಟೆಗೆ ದಿಂಬು ಒತ್ತಿಹಿಡಿದು ನಕ್ಕಳು. ಹೊಲಿಗೆ ನೋಯುತ್ತದೆ, ನಗಿಸಬೇಡಿ ಎಂದಳು.

ನಾಲ್ಕನೆಯ ದಿನ ಅವಳ ತಾಯಿ ಊರಿನಿಂದ ಬಂದರು. ಅವರನ್ನು ನಾನೂ ಅವ್ವಿ ಎಂದೇ ಕರೆಯುವುದು. ಬಂದವರೇ ಅಡುಗೆಮನೆಯಲ್ಲಿ ಆ ಮೂರು ಚೀಟಿಗಳನ್ನು ಕಂಡು ಸೆರಗು ಹೊದ್ದು ಕೈ ಮುಗಿದರು. ಅವ್ವಿಗೆ ಓದಲು ಬರುವುದಿಲ್ಲ. ಮಗಳ ಜೀವ ಉಳಿದದ್ದಕ್ಕೆ ಅಳಿಯ ಯಾವುದೋ ದೇವರಿಗೆ ಹರಕೆ ಕಟ್ಟಿದ್ದಾನೆ ಎಂದು ಅವರು ತಿಳಿದರು. ದಿನಾ ಸ್ನಾನ ಮಾಡಿ ಬಂದು ಮೂರಕ್ಕೂ ಕುಂಕುಮ ಹಚ್ಚತೊಡಗಿದರು. ಯಾವ ದೇವರು ಎಂದು ಕೇಳಲಿಲ್ಲ, ಹರಕೆಯ ವಿಷಯ ಬಾಯಿಬಿಟ್ಟು ಕೇಳಬಾರದಂತೆ. ನಾನೂ ತಿದ್ದಲಿಲ್ಲ. ಚೀಟಿಗೆ ಇನ್ನೊಬ್ಬ ಕಾವಲುಗಾರ ಸಿಕ್ಕಿದ್ದರಿಂದ ಒಳಗೊಳಗೆ ನೆಮ್ಮದಿಯಾಗಿತ್ತು.

ಅವ್ವಿಯ ಲೆಕ್ಕದಲ್ಲಿ ಇದೂ ಒಂದು ಬಾಣಂತನವೇ. ಗರ್ಭದ ಚೀಲ ಹೋದರೂ ಆಕೆ ಬಾಣಂತಿಯೇ ಎಂದರು. ಮೆಂತ್ಯದ ಉಂಡೆಯ ಡಬ್ಬಿ, ಅಳವಿ ಬೀಜ, ಊರ ತುಪ್ಪ ಎಲ್ಲ ಜೊತೆಯಲ್ಲೇ ತಂದಿದ್ದರು. ಬೆಳಿಗ್ಗೆ ಅಳವಿ ಪಾಯಸ, ಮಧ್ಯಾಹ್ನ ತುಪ್ಪ ಸುರಿದ ಕುಚ್ಚಲಕ್ಕಿ ಅನ್ನ, ನಾಲ್ಕು ಗಂಟೆಗೆ ಉಂಡೆ. ಕಿವಿಗೆ ಹತ್ತಿ, ಹೊಟ್ಟೆಗೆ ಹಳೇ ನೂಲಿನ ಸೀರೆಯ ಕಟ್ಟು. ಗಾಳಿಗೆ ಹೊರಗೆ ಹೋಗಬಾರದು. ನಲವತ್ತು ದಿನ ಎಂದದ್ದು ಅರವತ್ತಾಯಿತು. ನಿಜವಾದ ಬಾಣಂತನದಲ್ಲಿ ಹಾಲು ಕುಡಿಯುವ ಒಂದು ಮಗುವಿರುತ್ತದೆ. ಇಲ್ಲಿ ತಿಂದದ್ದೆಲ್ಲ ಅವಳಲ್ಲೇ ಉಳಿಯಿತು.

ಆರು ವಾರದ ತಪಾಸಣೆಗೆ ಹೋದದ್ದು ನಿಜ. ಗಾಯ ಚೆನ್ನಾಗಿ ಮಾಗಿದೆ, ಇನ್ನು ನಿಧಾನವಾಗಿ ಎಲ್ಲ ಕೆಲಸ ಮಾಡಬಹುದು ಎಂದರು. ನಾನು 'ನಿಧಾನ' ಎಂಬ ಮಾತೊಂದನ್ನು ಮನೆಗೆ ತಂದೆ.

ಅವ್ವಿ ಊರಿಗೆ ಹಿಂದಿರುಗಿದರು, ಮಳೆಗಾಲ ಬಂತು. ಕೋಡಿಬಾಗದ ನಮ್ಮ ಮನೆಯ ಹಿಂಬದಿಯ ಕಿಟಕಿಯಿಂದ ಕಾಳಿ ನದಿ ಕಾಣುತ್ತದೆ, ಆಚೆ ದಡದಲ್ಲಿ ದೇವಬಾಗದ ಗಾಳಿಮರಗಳು. ಬೆಳಗಿನ ಶಿಫ್ಟು ಮುಗಿಸಿ ಮೂರೂವರೆಗೆ ಬಂದಾಗ ಅವಳು ಆ ಕಿಟಕಿಯಲ್ಲೇ ಇರುತ್ತಿದ್ದಳು. ಮಳೆಯಲ್ಲಿ ಆಚೆ ದಡ ಕರಗಿ ಹೋಗುತ್ತಿತ್ತು, ಒಮ್ಮೊಮ್ಮೆ ಮರಗಳು ಮಾತ್ರ ತೇಲಿಕೊಂಡು ಬಂದು ಮತ್ತೆ ಮರೆಯಾಗುತ್ತಿದ್ದವು. ನಾವಿಬ್ಬರೂ ಚಹಾ ಕುಡಿಯುತ್ತ ಅದನ್ನು ನೋಡುತ್ತಿದ್ದೆವು. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ಮನೆ ನಿಶ್ಶಬ್ದ. ಆ ತಿಂಗಳುಗಳು ನನಗೆ ಸುಖದ ಹಾಗೆಯೇ ನೆನಪಿವೆ. ಅವಳು ಮೆತ್ತಗಾಗುತ್ತಿದ್ದಳು, ದುಂಡಗಾಗುತ್ತಿದ್ದಳು, ಬಿಳಿಚಿದ ಮುಖಕ್ಕೆ ಬಣ್ಣ ಬಂದಿತ್ತು. ಅದನ್ನೇ ನಾನು ಗುಣವಾಗುವುದು ಎಂದುಕೊಂಡೆ. ರವಿಕೆಗಳ ಹೊಲಿಗೆ ಬಿಚ್ಚಿಸಿದಳು. ಬಳೆ ಏರಲಿಲ್ಲ. ಮೆಟ್ಟಿಲಿಗೆ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು.

ಒಂದು ದಿನ ಕಿಟಕಿಯಿಂದ ಕಣ್ಣು ತೆಗೆಯದೆ ತನಗೆ ಬೀಳುವ ಕನಸು ಹೇಳಿದಳು. ಗಜನಿಯಲ್ಲಿ ನಿಂತಿರುತ್ತಾಳಂತೆ. ನೀರು ಸೊಂಟದ ತನಕ. ನೀರಿನ ಕೆಳಗೆ ನೋಡಿದರೆ ಯಾರೂ ಇರುವುದಿಲ್ಲವಂತೆ. ನಾನು ಅವಳ ಕಾಲಿನ ಮೇಲೆ ಚಾದರ ಸರಿಮಾಡಿದೆ.

ನವೆಂಬರಿನ ಆ ಸೋಮವಾರ ಬಂದದ್ದು ಹೀಗೆ. ಅದೇ ಗುರುವಾರ ಅವಳು ತಾನಾಗಿ ಹೇಳಿ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ತೂಕದ ಯಂತ್ರ ಎಪ್ಪತ್ತೊಂದು ತೋರಿಸಿತು. ಆಸ್ಪತ್ರೆಗೆ ಸೇರಿದ ದಿನ ಐವತ್ತೆಂಟಿತ್ತು. ರಕ್ತದ ಸಕ್ಕರೆ ಗೆರೆಯ ಮೇಲೆ ಬಂದು ನಿಂತಿತ್ತು. ಗರ್ಭಕೋಶ ಹೋದದ್ದರಿಂದಲೇ ಮೈ ಬಂತೋ ಎಂದು ಅವಳು ಕೇಳಿದಳು. ಅದೊಂದರಿಂದ ಇಷ್ಟು ಬರುವುದಿಲ್ಲ, ನಿಮ್ಮ ಅಂಡಾಶಯ ಎರಡನ್ನೂ ಉಳಿಸಿದ್ದೇವೆ ಎಂದರು ಡಾಕ್ಟರಮ್ಮ. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ ಎಂದು ಕೇಳಿದರು.

"ನಡೀಬಾರ್ದು ಅಲ್ವಾ," ಅಂದಳು ಅವಳು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಆ ಕೋಣೆಯ ಫ್ಯಾನಿನ ಒಂದು ರೆಕ್ಕೆ ಸ್ವಲ್ಪ ಬಾಗಿತ್ತು, ಪ್ರತಿ ಸುತ್ತಿಗೂ ಒಂದು ಸದ್ದು ಬರುತ್ತಿತ್ತು. ಐದಾರು ಸುತ್ತು ಆದ ಮೇಲೆ ನಾನು ಹೇಳಿದೆ: ನೀವು ನಡೆಸಿ ಎಂದಿದ್ದಿರಿ. ನಾನು ಇವಳಿಗೆ ಹೇಳಲಿಲ್ಲ.

ಹೆಂಡತಿ ನನ್ನನ್ನು ನೋಡಲಿಲ್ಲ. ಬಿದ್ದುಕೊಂಡಿದ್ದ ಸ್ನಾಯುಗಳಿಗೆ ಬಲ ಬರಲು ಏನು ಮಾಡಬೇಕು ಎಂದು ಕೇಳಿ, ಒಂದೊಂದನ್ನೂ ತಾನೇ ಚೀಟಿಯಲ್ಲಿ ಬರೆದುಕೊಂಡಳು. ಹೊರಗೆ ಬಂದು ನಾನು ಆಟೋ ಕರೆಯುವಷ್ಟರಲ್ಲಿ ಅವಳು ಕಡಲ ದಂಡೆಯ ದಿಕ್ಕಿಗೆ ಹೊರಟಾಗಿತ್ತು. ಗಾಳಿಮರದ ಸಾಲಿನ ಕೆಳಗೆ ಕೋಡಿಬಾಗದ ಕಡೆಗೆ ನಡೆದಳು. ನಾನು ಪಕ್ಕಕ್ಕೆ ಹೋದರೆ ನಿಲ್ಲುತ್ತಿದ್ದಳು. ಹಾಗಾಗಿ ಹತ್ತು ಹೆಜ್ಜೆ ಹಿಂದೆ ಉಳಿದೆ. ಮೂರು ಕಡೆ ಕುಳಿತಳು. ಕಡಲು ಬಿಸಿಲಿನಲ್ಲಿ ಹಾಲಿನ ಕೆನೆಯ ಹಾಗೆ ಅಲುಗಾಡದೆ ಇತ್ತು, ದ್ವೀಪಗಳು ನೀರಿಗಿಂತ ಒಂದು ಗೇಣು ಮೇಲೆ ತೇಲುತ್ತಿದ್ದವು, ಮುಂದೆ ಅವಳ ನೀಲಿ ಸೀರೆ. ಮನೆ ಮುಟ್ಟಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕಾಯಿತು. ಎಂಟು ತಿಂಗಳಲ್ಲಿ ಅವಳು ಅಷ್ಟು ನಡೆದದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ನೀರು ಕುಡಿದು, ಕೊಡದ ಪಕ್ಕ ನಿಂತು, ಅವಳು ಆಸ್ಪತ್ರೆಯಿಂದ ಹೊರಟ ಮೇಲಿನ ಮೊದಲ ಮಾತು ನನಗೆ ಆಡಿದಳು.

"ನೀವ್ ಕಟ್ಟಿದ್ದು. ನೀವೇ ಬಿಚ್ಚಿ."

ದಾರ ಎಣ್ಣೆ, ಕುಂಕುಮ, ಮಸಿ ಸೇರಿ ಗಟ್ಟಿಯಾಗಿತ್ತು. ಬೆರಳಿನಿಂದ ಆಗಲಿಲ್ಲ. ಬ್ಲೇಡು ತಂದು ಮೂರನ್ನೂ ಕತ್ತರಿಸಿದೆ. ಬಸ್ಸಿನ ಸೀಟಿನ ವಿಷಯ ಅವಳಿಗೆ ಹೇಳಿದೆ. ಅವಳಿಗೆ ಅದು ನೆನಪಿರಲಿಲ್ಲ, ಅವಳು ನೋಡಿಯೇ ಇರಲಿಲ್ಲ. ನಿಮಗೆ ಹೆದರಿಕೆಯಾದರೆ ನೀವು ಮಲಗಬೇಕಿತ್ತು, ನನ್ನನ್ನು ಯಾಕೆ ಮಲಗಿಸಿದಿರಿ ಎಂದಳು.

ಸಂಜೆ ಅವ್ವಿಗೆ ಫೋನು ಮಾಡಿ ಅದು ಹರಕೆಯಲ್ಲ ಎಂದು ಹೇಳಿದಳು. ಅವ್ವಿ, "ಅಲ್ಲಾ ಮಗಳೆ, ಅಷ್ಟು ದಿನ ಕುಂಕುಮ ಹಚ್ಚಿದ್ನಲ್ಲೇ ನಾನು," ಅಂದರು. ಅವಳು ನಕ್ಕಳು. ಫೋನು ಇಟ್ಟ ಮೇಲೆ ನನ್ನ ಜೊತೆ ನಗಲಿಲ್ಲ. ಹದಿನೈದು ದಿನ ನನ್ನ ಜೊತೆ ನಗಲಿಲ್ಲ.

ಮರುದಿನದಿಂದ ಅವಳು ನಡೆಯತೊಡಗಿದಳು. ನದಿಯ ದಂಡೆಯ ದಾರಿಯಲ್ಲಿ, ಸೇತುವೆಯ ಬುಡದ ತನಕ ಹೋಗಿ ಬರುವುದು. ಮೊದಲ ವಾರ ಅರ್ಧಕ್ಕೇ ಹಿಂದಿರುಗುತ್ತಿದ್ದಳು. ಮೊಣಕಾಲು ಎಂದುಕೊಂಡಿದ್ದೆ. ಇಪ್ಪತ್ತು ದಿನದ ನಂತರ ನಿಜ ಹೇಳಿದಳು. ಕೆಮ್ಮಿದರೆ, ಜೋರಾಗಿ ಹೆಜ್ಜೆ ಹಾಕಿದರೆ ಒಂದೆರಡು ಹನಿ ಮೂತ್ರ ಜಾರುತ್ತದೆ, ದಾರಿಯಲ್ಲಿ ಜನ ಇರುತ್ತಾರೆ. ಅದಕ್ಕೂ ಡಾಕ್ಟರಮ್ಮ ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಮೂತ್ರ ತಡೆಯುವ ಹಾಗೆ ಒಳಗಿನಿಂದ ಬಿಗಿಹಿಡಿದು, ಐದು ಎಣಿಸಿ ಸಡಿಲ ಬಿಡುವುದು, ದಿನಕ್ಕೆ ಮೂರು ಹೊತ್ತು. ಅದನ್ನು ಮಾಡುವುದು ಯಾರಿಗೂ ಕಾಣುವುದಿಲ್ಲ. ತರಕಾರಿ ಹೆಚ್ಚುತ್ತ, ಟಿವಿ ನೋಡುತ್ತ ಅವಳ ಮುಖ ಒಮ್ಮೆ ದೂರಕ್ಕೆ ಹೋಗಿ ನಿಲ್ಲುತ್ತಿತ್ತು, ಎಲ್ಲಿಯೋ ಹಾಡು ಕೇಳಿಸಿದವರ ಹಾಗೆ. ಐದಾದ ಮೇಲೆ ಹಿಂದಿರುಗಿ ಬರುತ್ತಿದ್ದಳು. ಎರಡು ತಿಂಗಳಲ್ಲಿ ಆ ತೊಂದರೆ ಹೋಯಿತು.

ಊಟವನ್ನು ಅವಳೇ ತಿದ್ದಿದಳು. ಉಂಡೆಯ ಡಬ್ಬಿ ವಾಪಸು ಹೋಯಿತು, ಅವ್ವಿಗೆ ಬೇಜಾರಾಗಿ ಒಂದು ತಿಂಗಳು ಬರಲಿಲ್ಲ. ಅನ್ನದ ಸೌಟನ್ನು ಮೇಲಿನ ಗೂಡಿಗೆ ಹಾಕಿ ಸಾರಿನ ಸಣ್ಣ ಸೌಟಿನಿಂದ ಅನ್ನ ಬಡಿಸಿಕೊಂಡಳು, ಎರಡು ಸಲ, ಅಷ್ಟೆ. ಮೀನು ಬಿಡಲಿಲ್ಲ, ಸಾರಿಗೆ ತೆಂಗಿನಕಾಯಿ ಅರ್ಧಕ್ಕೆ ಇಳಿಸಿದಳು. ಬೆಳಿಗ್ಗೆ ರಾಗಿ ಅಂಬಲಿ. ಮೊದಲ ಎರಡು ತಿಂಗಳು ತೂಕ ಕಾಳಿನಷ್ಟೂ ಇಳಿಯಲಿಲ್ಲ. ಮನೆಗೆ ತೂಕದ ಯಂತ್ರ ತರುತ್ತೇನೆ, ದಿನಾ ನೋಡಬಹುದು ಎಂದೆ. ಬೇಡವೆಂದಳು.

"ದಿನಾ ತೂಗೂಕೆ ನಾನೇನ್ ಮೀನಾ?"

ಜನವರಿಯಲ್ಲಿ ಒಂದು ಬೆಳಿಗ್ಗೆ ಇಳಿತವಿತ್ತು. ನದಿಯ ನಡುವೆ ಮರಳಿನ ದಿಬ್ಬ ಎದ್ದಿತ್ತು, ಅದರ ಅಂಚಿನಲ್ಲಿ ಮೊಣಕಾಲು ಮಟ್ಟದ ನೀರು. ದಂಡೆಯ ಮೇಲೆ ನಡೆಯುತ್ತಿದ್ದವಳು ಚಪ್ಪಲಿ ಬಿಟ್ಟು ಇಳಿದಳು. ನಾನು ಅವಳ ಚಪ್ಪಲಿ ಎತ್ತಿಕೊಂಡು ನಿಂತೆ. ಅವಳು ನೀರಿನಲ್ಲಿ ಸೇತುವೆಯ ಕಡೆಗೆ ನಡೆದಳು. ಭಾರವೆಲ್ಲ ನೀರೇ ಹೊತ್ತುಕೊಂಡಿದ್ದರಿಂದ ಮೊಣಕಾಲು ನೋಯಲಿಲ್ಲವಂತೆ, ತೊಡೆಗೆ ಮಾತ್ರ ಒಳ್ಳೆಯ ಕೆಲಸ. ಅಲ್ಲಿಂದ ಬೇಸಿಗೆಯವರೆಗೆ, ಇಳಿತದ ಹೊತ್ತು ನೋಡಿಕೊಂಡು, ಅವಳ ನಡಿಗೆ ನದಿಯಲ್ಲೇ ಆಯಿತು. ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ. ಬೆಳಗಿನ ಬೆಳಕಿನಲ್ಲಿ ನೀರೆಲ್ಲ ಬೆಳ್ಳಿಯ ತಗಡಾಗಿ, ಅದರ ಮೇಲೆ ಅರ್ಧ ಹೆಂಗಸು ಸದ್ದಿಲ್ಲದೆ ಜಾರಿಕೊಂಡು ಹೋಗುವುದನ್ನು ನಾನು ದಂಡೆಯಿಂದ ನೋಡುತ್ತಿದ್ದೆ. ಎಷ್ಟೋ ಸಲ ಇದು ಅವಳ ಕನಸೋ ನನ್ನದೋ ಎಂದು ತಿಳಿಯುತ್ತಿರಲಿಲ್ಲ.

ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಅವರಲ್ಲೊಬ್ಬಳು ಕೇಳಿದಳು: "ಯಂತಾ ಬಾಯೀ, ಬಳಚಿಲ್ಲದ ಕಡೆ ಯಂತಾ ಹುಡುಕ್ತ್ರಿ ದಿನಾ?"

"ನನ್ ಸೊಂಟ ಕಳೆದೋಗಿತ್ತು," ಅಂದಳು ಇವಳು. "ಇಲ್ಲೇ ಎಲ್ಲೋ ಬಿದ್ದದೆ."

ಹೆಂಗಸರೆಲ್ಲ ನಕ್ಕರು. ದಂಡೆಯಲ್ಲಿ ನಾನೂ ನಕ್ಕೆ. ಅವಳು ನನ್ನ ಕಡೆ ತಿರುಗಿ ನೋಡಿದಳು, ನಗುತ್ತಲೇ.

ಮೇ ತಿಂಗಳ ಕೊನೆಗೆ ಅತ್ತಿಗೆಯ ಫೋನು ಬಂತು. ಸಿಗಡಿಯವರು ಬಂದು ಕೇಳಿ ಹೋಗಿದ್ದಾರೆ, ಬೀಜ ನೆನೆಹಾಕುವುದಾದರೆ ಈ ವಾರವೇ ಹಾಕಬೇಕು, ನೀನು ಕೊಯ್ಲಿಗೆ ಬರುತ್ತೀಯೋ ಇಲ್ಲವೋ ಎಂದು. ಅವಳ ತೂಕ ಆಗ ಅರವತ್ತೇಳು. ಕೆಸರಿನಲ್ಲಿ ಇನ್ನೂ ಒಂದು ದಿನವೂ ನಿಂತಿರಲಿಲ್ಲ, ನದಿಯ ತಳ ಗಟ್ಟಿ ಮರಳು. ಬೇಡ, ಇನ್ನೊಂದು ವರ್ಷ ಹೋಗಲಿ ಎಂದು ನಾನು ಸನ್ನೆ ಮಾಡಿದೆ. ಇನ್ನೊಂದು ವರ್ಷ ಹೋದರೆ ಬೀಜವಿಲ್ಲ ಎಂಬುದು ನನಗೆ ಗೊತ್ತಿತ್ತು.

"ಬಿತ್ತು ಅತ್ಗೆ," ಅಂದಳು ಅವಳು. "ನಾ ಬರ್ತೆ."

ಮಳೆಗಾಲದಲ್ಲಿ ನದಿಗೆ ಇಳಿಯುವಂತಿಲ್ಲ. ಜಗಲಿಯ ಉದ್ದಕ್ಕೆ ನಡೆದಳು. ಕುರ್ಚಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಏಳುತ್ತಿದ್ದಳು, ಮೊದಲು ಐದು, ಆಮೇಲೆ ಕುರ್ಚಿಯಿಲ್ಲದೆ ಹದಿನೈದು. ಡಾಕ್ಟರಮ್ಮನನ್ನು ಕೇಳಿ ಭಾರಕ್ಕೂ ಕೈಹಾಕಿದಳು. ಖಾಲಿ ಕೊಡ, ಕಾಲು ಕೊಡ, ಅರ್ಧ ಕೊಡ. ಶ್ರಾವಣದಲ್ಲಿ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಆಗ ನನ್ನ ಕೈಗಳು ತಾವಾಗಿ ಮುಂದೆ ಬಂದವು. ಅವಳು ನೋಡಿದಳು. ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಅವತ್ತಿನಿಂದ ಅವಳು ಏನು ಎತ್ತಿದರೂ ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು ಅಭ್ಯಾಸವಾಯಿತು.

ಕೊಯ್ಲು ನವೆಂಬರಿನ ಎರಡನೆಯ ವಾರಕ್ಕೆ ಬಂತು. ರಜೆ ಹಾಕಿ ಅವಳ ಜೊತೆ ಹೋದೆ. ಹೊರಡುವ ಹಿಂದಿನ ದಿನ ತೂಕ ಅರವತ್ನಾಲ್ಕೂವರೆ. ಹಳೆಯ ತೂಕಕ್ಕೆ ಇನ್ನೂ ಆರೂವರೆ ಉಳಿದಿತ್ತು, ಅದು ಪೂರ್ತಿ ಎಂದೂ ಇಳಿಯಲಿಲ್ಲ. ಸಕ್ಕರೆ ಮಾತ್ರ ಗೆರೆಯ ಕೆಳಗೆ ಹೋಗಿತ್ತು.

ಮಂಜಿತ್ತು. ಅವ್ವಿ ಗಂಜಿಯ ಪಾತ್ರೆಯೊಡನೆ ಬಂದು ಒಡ್ಡಿನ ಮೇಲೆ ಕೂತಿದ್ದರು. ಅತ್ತಿಗೆ ಮೊದಲು ಇಳಿದು, ತಿರುಗಿ ನೋಡದೆ ತಮ್ಮ ಸಾಲಿಗೆ ಹೋದರು. ಬೇಕೆಂದೇ ನೋಡಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಹೆಂಡತಿ ಇಳಿದಳು. ಕಣಕಾಲು, ಮೊಣಕಾಲು. ಮೂರನೆಯ ಹೆಜ್ಜೆಯಲ್ಲಿ ನಿಂತಳು. ಸಾಕು, ಬಾ ಎನ್ನುವ ಮಾತು ನನ್ನ ಬಾಯಿಯೊಳಗೆ ಬಂದು ಹಲ್ಲಿಗೆ ತಾಗಿತು. ಅವಳ ಎಡಭುಜ ಸ್ವಲ್ಪ ಕೆಳಗಿಳಿಯಿತು. ಮುಖ ನನಗೆ ಕಾಣುತ್ತಿರಲಿಲ್ಲ. ಆದರೆ ಕುತ್ತಿಗೆಯ ಹಿಂಭಾಗ ಬಿಗಿಯಾದದ್ದು ಕಂಡಿತು, ಅವಳು ಒಳಗಿನಿಂದ ಹಿಡಿದಿದ್ದಾಳೆ, ಎಣಿಸುತ್ತಿದ್ದಾಳೆ ಎಂದು ತಿಳಿಯಿತು. ನಾನೂ ಎಣಿಸಿದೆ. ಐದರ ಹೊತ್ತಿಗೆ ಕೆಸರು ಕಾಲು ಬಿಡುವ ಸದ್ದು ಬಂತು. ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅಷ್ಟೇ ಸಣ್ಣದು. ನಾಲ್ಕನೆಯ ಹೆಜ್ಜೆ. ನೀರು ಸೊಂಟಕ್ಕೆ ಬಂತು. ಅವಳು ಕೈ ಚಾಚಿ ತೆನೆ ಹಿಡಿದು ಕತ್ತರಿಸಿದಳು.

ಆಮೇಲಿನ ಎರಡು ಗಂಟೆಯಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಇಬ್ಬರು ಹೆಂಗಸರ ತಲೆ, ಭುಜ, ಜೋಳಿಗೆ ಮಂಜಿನೊಳಗೆ ಹೋಗಿ ಬಂದು ಮಾಡುತ್ತಿದ್ದವು. ಕತ್ತಿಯ ಸದ್ದು, ಕೆಸರಿನ ಸದ್ದು, ಒಡ್ಡಿನ ಬಾಗಿಲಿನ ಹಲಗೆಯಿಂದ ನೀರು ಸೋರುವ ಸದ್ದು. ಹೊತ್ತು ಏರಿದಂತೆ ಮಂಜು ತೆಳುವಾಗಿ, ಹೊಂಬಣ್ಣದ ತೆನೆಗಳ ನಡುವೆ ಅವಳ ನೀಲಿ ರವಿಕೆ ಒಂದೇ ಕಡೆ ಬಹಳ ಹೊತ್ತು ನಿಂತು, ಮತ್ತೆ ಒಂದು ಹೆಜ್ಜೆ ಸರಿಯುತ್ತಿತ್ತು. ಅತ್ತಿಗೆ ಎರಡು ಸಾಲು ಮುಗಿಸುವಷ್ಟರಲ್ಲಿ ಅವಳು ಒಂದು ಸಾಲಿನ ಮುಕ್ಕಾಲಿಗೆ ಬಂದಿದ್ದಳು.

"ಏ ತಂಗಿ," ಅಂದರು ಅತ್ತಿಗೆ, "ನೀ ತೆನೆ ಕೊಯ್ತ್ಯೋ, ಎಣಿಸ್ತ್ಯೋ?"

"ಎರಡೂ," ಅಂದಳು ಅವಳು.

ಭರತದ ನೀರು ಏರತೊಡಗಿದಾಗ, ಒಂಬತ್ತು ಇಪ್ಪತ್ತಕ್ಕೆ, ಇಬ್ಬರೂ ಮೇಲೆ ಬಂದರು. ಅವಳು ಯಾರ ಕೈಯನ್ನೂ ಹಿಡಿಯದೆ ಒಡ್ಡು ಹತ್ತಿದಳು. ಗಂಜಿ ಕುಡಿಯುವಾಗ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಪಟ್ಟಿ ಮುಗಿಯಲು ಐದು ದಿನ ಬೇಕಾಯಿತು. ಹಿಂದೆ ಮೂರು ದಿನ ಸಾಕಾಗುತ್ತಿತ್ತು. ಕೊನೆಯ ದಿನ ಅತ್ತಿಗೆ ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಬುಟ್ಟಿಗೆ ಹಾಕಿದರು, ಮುಂದಿನ ಬಿತ್ತನೆಗೆ. ಅದನ್ನು ಎತ್ತಿಕೊಂಡು ಮನೆಯ ತನಕ ಹೋದದ್ದು ನನ್ನ ಹೆಂಡತಿ.

ಅವಳು ಮತ್ತೆ ನೀರಿಗೆ ಇಳಿದ ಆ ಮೊದಲ ಬೆಳಿಗ್ಗೆ ಒಡ್ಡಿನ ಹತ್ತಿರ ನಾನಲ್ಲದೆ ನಾಲ್ವರಿದ್ದರು. ಪಕ್ಕದ ಪಟ್ಟಿಯ ಮುದುಕಿ ಬಾಗಿಲಿನ ಹಲಗೆಯ ಬಳಿ ಬಲೆ ನೋಡುತ್ತಿದ್ದಳು, ಅವಳು ಕಳೆದ ಚೈತ್ರದಲ್ಲಿ ತೀರಿಕೊಂಡಳು. ತೆನೆ ಸಾಗಿಸಲು ಸಣ್ಣ ದೋಣಿ ತಂದ ಆ ಮುದುಕಿಯ ತಮ್ಮ ಈಗಲೂ ಅಂಕೋಲೆಯಲ್ಲೇ ಇದ್ದಾನೆ, ಕೇಳಿದರೆ ಹೇಳುತ್ತಾನೆ. ಅತ್ತಿಗೆ ಇದ್ದಾರೆ. ತಾವು ತಿರುಗಿ ನೋಡಲಿಲ್ಲ, ಕೆಸರಿನ ಸದ್ದು ಮಾತ್ರ ಕೇಳಿದೆ ಎನ್ನುತ್ತಾರೆ. ಅವ್ವಿಯೂ ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಸಾಲದು. ಆ ದಿನ ನೀರು ಮಗಳ ಎದೆಯ ಮಟ್ಟಕ್ಕಿತ್ತು ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅಷ್ಟಿರಲಿಲ್ಲ. ಸೊಂಟಕ್ಕಿಂತ ನಾಲ್ಕು ಬೆರಳು ಮೇಲಿತ್ತು.